ಕೂಲಿ, ಮುಂಗಡ, ಜೀತ

ಹಳಗನ್ನಡದಲ್ಲಿ ‘ಜೀತ’ ಎಂದರೆ ಸಂಬಳ, ದುಡಿಮೆಗೆ ಸಲ್ಲುವ ಪ್ರತಿಫಲ. ಸಂಸ್ಕೃತದ ‘ಜೀವಿತ’ ಶಬ್ದದ ತದ್ಭವವಿದು. ಇಂದು ಅದೇ ಮಾತು ಸಾಲಕ್ಕೆ ಕಟ್ಟುಬಿದ್ದು ದುಡಿಯುವುದನ್ನು ಸೂಚಿಸುತ್ತದೆ. ದುಡಿಯುವವನನ್ನು ಹೀಗೆ ಕಟ್ಟಿಹಾಕುವ ಹಗ್ಗ ಎಷ್ಟೋ ವೇಳೆ ಮುಂಗಡದ ಹಣವೇ.

ಕೊಡಗಿನ ಕಾಫಿ ತೋಟಗಳ ಚರಿತ್ರೆಯನ್ನೇ ನೋಡಬಹುದು. 1850ರ ದಶಕದಲ್ಲಿ ಅಲ್ಲಿ ಯುರೋಪಿಯನ್ನರ ತೋಟಗಳು ತಲೆಯೆತ್ತಿದ ಮೇಲೆ ಮೈಸೂರು ಸೀಮೆಯ ಕೂಲಿಗಳು ಗುಂಪುಗುಂಪಾಗಿ ಅಲ್ಲಿಗೆ ಹೋದರು. ಮೇಸ್ತ್ರಿ ಹಳ್ಳಿಗೆ ಬಂದು, ಮುಂಗಡ ಹಂಚಿ, ಆಳುಗಳನ್ನು ಕರೆದೊಯ್ಯುತ್ತಿದ್ದ. 1859ರ 13ನೇ ಕಾಯ್ದೆ ಮಾಲೀಕರ ಬೆನ್ನಿಗಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವನಿಗೆ ‘ಹಣ ಹಿಂದಿರುಗಿಸು, ಇಲ್ಲವೆ ಕೆಲಸ ಮಾಡು’ ಎಂದು ಮ್ಯಾಜಿಸ್ಟ್ರೇಟರು ಆಜ್ಞಾಪಿಸಬಹುದಿತ್ತು. ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಸಿವಿಲ್ ವ್ಯಾಜ್ಯವಾಗಬೇಕಾದ ಸಾಲ ಹೀಗೆ ಅಪರಾಧವಾಯಿತು. ಈ ಕಾಯ್ದೆಯ ರದ್ದತಿಗೆ 1925ರವರೆಗೆ ಕಾಯಬೇಕಾಯಿತು.

ತಕ್ಕಡಿ ಕಾರ್ಮಿಕನ ಕಡೆಗೆ ವಾಲಿದ್ದು 1976ರ ಜೀತ ಪದ್ಧತಿ ರದ್ದಿಯಾತಿ ಕಾಯ್ದೆಯಿಂದ. ಜೀತದ ಸಾಲವೆಲ್ಲ ಮನ್ನಾ ಆಯಿತು. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸಜೆ ಎಂದಾಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಹೇಳಿತು. ಮುಂಗಡ ಕೊಡುವುದೇ ತಪ್ಪೆಂದಲ್ಲ. ಅದನ್ನು ಮುಂದೊಡ್ಡಿ ಬೇರೆಡೆ ದುಡಿಯುವ, ಊರಿಗೆ ಹೋಗಿಬರುವ, ಕನಿಷ್ಠ ಕೂಲಿ ಪಡೆಯುವ ಹಕ್ಕನ್ನು ಕಸಿದುಕೊಂಡರೆ ಅದು ಜೀತ.

ವಲಸೆಗಾರರಿಗೆಂದೇ 1979ರಲ್ಲಿ ಬೇರೊಂದು ಕಾಯ್ದೆ ಬಂತು. ಅದು ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಅದರ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಈ ಗೆರೆಯನ್ನು ಉಳಿಸಿಕೊಂಡಿದೆ. ಪರಿಣಾಮ ವಿಚಿತ್ರ. ಮಳೆ ಕೈಕೊಟ್ಟು ರಾಯಚೂರು, ಯಾದಗಿರಿಗಳ ಹೊಲ ಬಿಟ್ಟು, ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು, ಕೆಂಗೇರಿಯಲ್ಲೋ ವಿಜಯನಗರದಲ್ಲೋ ಕಟ್ಟಡಕ್ಕೆ ಮಣ್ಣು ಹೊರುವ ಕೃಷಿಕೂಲಿ ಈ ಕಾನೂನಿನ ಕಣ್ಣಿಗೆ ವಲಸೆಗಾರನಲ್ಲ. ಪಕ್ಕದ ಹೊಸೂರಿನಿಂದ ಬಂದವನು ವಲಸೆಗಾರನಾಗಬಲ್ಲ!

1976ರ ಕಾಯ್ದೆಗೆ ಮಾತ್ರ ಗಡಿಯ ಹಂಗಿಲ್ಲ. ಮುಂಗಡ ತೀರುವವರೆಗೆ ಹೊರಡುವಂತಿಲ್ಲ ಎಂದು ತಡೆಹಿಡಿಯಲ್ಪಟ್ಟವರು ಯಾವ ಊರಿನವರಾದರೂ ಸರಿ, ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದು ಕಾಯ್ದೆ ವಿಧಿಸಿದೆ. ಈ ಹಕ್ಕಿನ ಸುದ್ದಿ ಮೇಸ್ತ್ರಿಯ ಮುಂಗಡಕ್ಕಿಂತ ಮೊದಲೇ ಹಳ್ಳಿಗಳನ್ನು ತಲುಪಬೇಕಾಗಿದೆ.