ಹಗಲಿನ ಬಯಲಿನಲ್ಲಿ ಪ್ರೊಜೆಕ್ಟರ್: ಕೊಳ್ಳುವ ಮುನ್ನ ಒಂದು ಲೆಕ್ಕ

ಅಫಜಲಪುರ ತಾಲ್ಲೂಕಿನ ಮಣ್ಣೂರಿನಂತಹ ಊರುಗಳಲ್ಲಿ ಪಂಪ್‌ಸೆಟ್, ಹನಿ ನೀರಾವರಿ ಸಾಮಗ್ರಿಗಳ ಪ್ರಚಾರ ಕೈಗೊಳ್ಳುವ ವರ್ತಕರು ಜನ ಸೇರುವ ಹಗಲು ಹೊತ್ತನ್ನೇ ಆರಿಸಿಕೊಳ್ಳುವುದು ಸಹಜ. ಆದರೆ ಕಛೇರಿಯ ಕೋಣೆಯಲ್ಲಿ ಸೊಗಸಾಗಿ ಕಂಡ ಚಿತ್ರ ಬಯಲಿಗೆ ಬಂದೊಡನೆ ಮಾಯವಾಗುತ್ತದೆ. ದೋಷ ಯಂತ್ರದ್ದಲ್ಲ.

3,000 ಲ್ಯೂಮೆನ್ ಸಾಮರ್ಥ್ಯದ ಪ್ರೊಜೆಕ್ಟರು 2 ಮೀಟರ್ ಅಗಲ, 1.5 ಮೀಟರ್ ಎತ್ತರದ ಪರದೆಗೆ ನೀಡುವುದು ಸುಮಾರು 1,000 ಲಕ್ಸ್ ಬೆಳಕು. ನಡುಹಗಲಿನ ನೇರ ಬಿಸಿಲು ಸುಮಾರು 1,00,000 ಲಕ್ಸ್. ಬಯಲಿನ ನೆರಳಿನಲ್ಲಿಯೂ ಅದು 10,000ದ ಆಸುಪಾಸಿನಲ್ಲಿರುವುದುಂಟು. ಪ್ರೊಜೆಕ್ಟರು ಬೆಳಕನ್ನು ಸೇರಿಸಬಲ್ಲದೇ ಹೊರತು ಕಪ್ಪನ್ನು ಮೂಡಿಸಲಾರದು. ಚಿತ್ರದ ಕಪ್ಪು ಭಾಗವೆಂದರೆ ಬೆಳಕು ಬೀಳದ ಪರದೆಯಷ್ಟೇ. ಆ ಪರದೆಯೇ ಬಿಸಿಲಿಗೆ ಬೆಳಗುತ್ತಿರುವಾಗ, ಹೆಚ್ಚು ಬೆಲೆ ತೆತ್ತು 6,000 ಲ್ಯೂಮೆನ್ ಯಂತ್ರ ತಂದರೂ ಹಣ ವ್ಯರ್ಥವೇ ಸರಿ.

ಹಿಂದಿನ ಟೂರಿಂಗ್ ಟಾಕೀಸಿನವರು ಕತ್ತಲಾದ ಮೇಲೆಯೇ ಮೊದಲ ಆಟ ಆರಂಭಿಸುತ್ತಿದ್ದರು. ಇಂದಿಗೂ ಅತ್ಯಂತ ಅಗ್ಗದ ಉಪಾಯ ಅದೇ. ಈ ಭಾಗದಲ್ಲಿ ಸೂರ್ಯಾಸ್ತ ಡಿಸೆಂಬರಿನಲ್ಲಿ ಆರು ಗಂಟೆಗೆ ಮುನ್ನ, ಮೇ ತಿಂಗಳಲ್ಲಿ ಆರೂಮುಕ್ಕಾಲರ ಸುಮಾರಿಗೆ. ಅನಂತರ ಅರ್ಧ ಗಂಟೆ ಕಾದರೆ ಸಾಮಾನ್ಯ ಯಂತ್ರವೂ ಸಾಕು. ಹೊಲದ ಕೆಲಸ ಮುಗಿಸಿ ಬರುವ ರೈತರಿಗೂ ಅನುಕೂಲ.

ಹಗಲೇ ಅನಿವಾರ್ಯವಾದಲ್ಲಿ ಗೋದಾಮಿನ ಬಾಗಿಲು ಮುಚ್ಚಿ ತೋರಿಸುವುದು ಲೇಸು. ತೆಳುವಾದ ಬಿಳಿ ಶಾಮಿಯಾನದಿಂದ ಪ್ರಯೋಜನವಿಲ್ಲ, ಅದು ಬೆಳಕನ್ನು ಸೋಸುತ್ತದೆಯೇ ಹೊರತು ತಡೆಯದು. ಚಿತ್ರದ ಅಗಲ ಎತ್ತರಗಳನ್ನು ಅರ್ಧಕ್ಕಿಳಿಸಿದರೆ ಬೆಳಕು ನಾಲ್ಕು ಪಟ್ಟಾಗುವುದು ನಿಜ, ಆದರೆ ಹಿಂದಿನ ಸಾಲಿನವರಿಗೆ ದರಪಟ್ಟಿ ಓದಲಾಗದು. ತೆರೆದ ಬೀದಿಯಲ್ಲಿಯೇ ಪ್ರದರ್ಶನವಾಗಬೇಕಾದರೆ ಎಲ್‌ಇಡಿ ಪರದೆಯನ್ನು ಬಾಡಿಗೆಗೆ ತರುವುದೇ ಮಾರ್ಗ. ಮುಂಗಡ ಕೊಡುವ ಮುನ್ನ ಅದು ಹೊರಾಂಗಣಕ್ಕೆಂದೇ ತಯಾರಾದುದೇ ಎಂದು ವಿಚಾರಿಸಿ, ಮಧ್ಯಾಹ್ನದ ಬಿಸಿಲಿನಲ್ಲಿಯೇ ಒಮ್ಮೆ ಹಚ್ಚಿಸಿ ನೋಡತಕ್ಕದ್ದು.