ನಿಮಗಿದು ಗೊತ್ತೆ? ತಡವಾಗಿ ಬೆಳೆಯುವ ವಾಲಿಬಾಲ್ ಹುಡುಗರು

ಪುಣೆಯ ಬಾಲೇವಾಡಿ ಕ್ರೀಡಾಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. 21 ವರ್ಷದೊಳಗಿನ ಪುರುಷರ ವಿಶ್ವ ವಾಲಿಬಾಲ್ ಚಾಂಪಿಯನ್‌ಷಿಪ್ 2009ರಲ್ಲಿ ನಡೆದದ್ದು ಪುಣೆಯಲ್ಲೇ, ಗೆದ್ದದ್ದು ಬ್ರೆಜಿಲ್.

ಅಂಥ ಅಂಗಳ ಮುಟ್ಟುವ ಮುನ್ನವೇ ಎಷ್ಟೋ ಪ್ರತಿಭೆಗಳು ಕೈತಪ್ಪುತ್ತವೆ. ಹುಡುಗಿಯರು ಸುಮಾರು 12ಕ್ಕೆ, ಹುಡುಗರು 14ಕ್ಕೆ ಸರಸರನೆ ಎತ್ತರವಾಗುತ್ತಾರೆ. ಇದರಲ್ಲಿ ಒಂದೆರಡು ವರ್ಷ ಹಿಂದುಮುಂದಾಗುವುದು ತೀರಾ ಸಹಜ. ಹಾಗಾಗಿ ಒಂದೇ ವರ್ಷ ಹುಟ್ಟಿದ ಇಬ್ಬರಲ್ಲಿ ಒಬ್ಬ ನೆಟ್ ಮೇಲೆ ಮೊಣಕೈವರೆಗೂ ಕೈಚಾಚಿ ಬ್ಲಾಕ್ ಮಾಡಿದರೆ, ಇನ್ನೊಬ್ಬನ ಬೆರಳತುದಿ ಮೇಲಿನ ಬಿಳಿಪಟ್ಟಿಗೂ ಎಟುಕುವುದಿಲ್ಲ. ಆಯ್ಕೆಗಾರರ ಕಣ್ಣು ಮೊದಲಿನವನ ಮೇಲೆ. ಇದು ಅನ್ಯಾಯವೇ ಸರಿ: ಎತ್ತರ ಬೇಗ ಬಲಿತ ದೇಹ ಕೊಟ್ಟದ್ದು, ಪಾಸ್, ಸರ್ವ್, ಚೆಂಡಿನ ಅಂದಾಜು ಮಾತ್ರ ವರ್ಷಗಳ ತಾಲೀಮಿನಿಂದ ಬಂದದ್ದು. ಬೆಂಚಿನಲ್ಲೇ ಕೂತ ಗಿಡ್ಡ ಹುಡುಗನಿಗೆ ಉತ್ಸಾಹ ಬತ್ತುವುದೂ ಈ ವಯಸ್ಸಿನಲ್ಲೇ.

ಆಯ್ಕೆಯಲ್ಲಿ ಈ ಅನ್ಯಾಯ ತಪ್ಪಿಸಲು ದೇಹ ಎಷ್ಟು ಬಲಿತಿದೆ ಎಂದು ಅಂದಾಜಿಸಬೇಕು. ಅದಕ್ಕೆ ಎಕ್ಸ್‌ರೇ ಬೇಕೇಬೇಕೆಂದಿಲ್ಲ. ನಿಂತಾಗಿನ ಎತ್ತರ, ಕೂತಾಗಿನ ಎತ್ತರ, ತೂಕ, ವಯಸ್ಸು ಇವಿಷ್ಟರಿಂದಲೇ ಲೆಕ್ಕ ಹಾಕುವ ಸೂತ್ರವಿದೆ. ಆ ಲೆಕ್ಕ ಕೋಚ್‌ಗೆ ಇನ್ನೊಂದಕ್ಕೂ ಬೇಕು. ಎತ್ತರ ಏರುತ್ತಿರುವ ತಿಂಗಳುಗಳಲ್ಲಿ ಜಿಗಿತ ಅತಿಯಾದರೆ ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಊದಿಕೊಂಡು ನೋಯುತ್ತದೆ. ಆಗ ಜಿಗಿತ ತಗ್ಗಿಸಿ, ಪಾಸಿಂಗ್ ಅಭ್ಯಾಸ ಹೆಚ್ಚಿಸಬೇಕು.