ಕವಚ ತೊಟ್ಟವರ ಧೈರ್ಯ

ಜೊಹಾನ್ಸ್‌ಬರ್ಗ್‌ನ ದಕ್ಷಿಣಕ್ಕೆ ಆರೆಂಜ್ ಫಾರ್ಮ್ ಎಂಬ ಊರಿದೆ. ಸುನ್ನತಿ ಮಾಡಿಸಿಕೊಂಡ ಗಂಡಸರಿಗೆ ಎಚ್‌ಐವಿ ಅಂಟುವುದು ಕಡಿಮೆಯೇ ಎಂದು ತಿಳಿಯಲು 2002ರಲ್ಲಿ ಅಲ್ಲೊಂದು ಪ್ರಯೋಗ ಶುರುವಾಯಿತು. 18ರಿಂದ 24ರ ಪ್ರಾಯದ 3,274 ಯುವಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಶಸ್ತ್ರಕ್ರಿಯೆ, ಇನ್ನೊಂದಕ್ಕೆ 21 ತಿಂಗಳ ನಂತರ. ನಡುವೆ ಲೆಕ್ಕ ನೋಡಿದಾಗ ಮೊದಲ ಗುಂಪಿನಲ್ಲಿ 20 ಮಂದಿಗೆ, ಎರಡನೆಯದರಲ್ಲಿ 49 ಮಂದಿಗೆ ಸೋಂಕು ತಗುಲಿತ್ತು. ಉಳಿದವರನ್ನು ಇನ್ನೂ ಕಾಯಿಸುವುದು ನ್ಯಾಯವಲ್ಲವೆಂದು ಪ್ರಯೋಗವನ್ನು ಬೇಗನೆ ಮುಗಿಸಿದರು.

ಆದರೆ ಸುನ್ನತಿಯಾದವರು ಉಳಿದವರಿಗಿಂತ ಹೆಚ್ಚು ಬಾರಿ ಲೈಂಗಿಕ ಸಂಪರ್ಕ ಮಾಡಿದ್ದಾಗಿಯೂ ಹೇಳಿಕೊಂಡಿದ್ದರು. ರಕ್ಷಣೆ ಸಿಕ್ಕಿತೆಂದು ಮನುಷ್ಯ ಅಪಾಯಕ್ಕೆ ಮೈಯೊಡ್ಡುವ ಈ ಗುಣದ ಬಗ್ಗೆ ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲೇ ಬರೆದಿದ್ದ. ಕಾರುಗಳಿಗೆ ಸೀಟ್‌ಬೆಲ್ಟ್‌ನಂಥ ಕಡ್ಡಾಯ ಸಾಧನಗಳು ಬಂದಮೇಲೆ ಚಾಲಕರ ದುಡುಕು ಅವುಗಳ ಲಾಭವನ್ನೆಲ್ಲ ನುಂಗಿಹಾಕಿತು ಎಂಬುದು ಅವನ ವಾದ. ಪೂರ್ತಿ ನುಂಗಿತೆಂಬುದು ಮುಂದಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಆರೆಂಜ್ ಫಾರ್ಮ್‌ನ ಅಂಕಿಗಳೂ ಅವನ ಪರ ಇಲ್ಲ: ಅಷ್ಟು ಸಲಿಗೆ ತೆಗೆದುಕೊಂಡರೂ ಸೋಂಕು ಶೇ. 60ರಷ್ಟು ಕಡಿಮೆಯೇ ಆಗಿತ್ತು. ಕೀನ್ಯಾದ ಕಿಸುಮುವಿನಲ್ಲಿ ಇಂಥದೇ ಪ್ರಯೋಗ ನಡೆದಾಗ ಎರಡೂ ಗುಂಪಿನವರ ಅಪಾಯದ ನಡವಳಿಕೆ ಇಳಿಯಿತು. ಅಲ್ಲಿ ಎಲ್ಲರಿಗೂ ಆಪ್ತ ಸಲಹೆ ಸಿಗುತ್ತಿತ್ತು.

ರಕ್ಷಣೆ ಕೊಟ್ಟರೆ ಜನ ಕೆಡುತ್ತಾರೆ ಎನ್ನುವವರು ಒಂದನ್ನು ಮರೆಯುತ್ತಾರೆ: ಆಸೆಯಿರುವ ಕಡೆ ಮಾತ್ರ ಧೈರ್ಯ ಹೆಚ್ಚುತ್ತದೆ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡೆನೆಂದು ಯಾರೂ ತುಕ್ಕು ಮೊಳೆ ಹುಡುಕಿ ತುಳಿಯುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆವ ಎಚ್‌ಪಿವಿ ಲಸಿಕೆ ಅಮೆರಿಕದಲ್ಲಿ 2006ರಲ್ಲಿ ಬಂದಾಗ, ಹೆಣ್ಣುಮಕ್ಕಳು ದಾರಿ ತಪ್ಪುತ್ತಾರೆಂದು ಗುಲ್ಲೆದ್ದಿತ್ತು. ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ನನಗನಿಸುವಂತೆ ಅಲ್ಲಿ ಹೆದರಿದ್ದು ರೋಗಕ್ಕಲ್ಲ, ಹುಡುಗಿಯರ ವಯಸ್ಸಿಗೆ.

ಧೈರ್ಯ ನಿಜಕ್ಕೂ ಹೆಚ್ಚಿದ ಉದಾಹರಣೆಯೂ ಇದೆ. ಎಚ್‌ಐವಿ ತಗುಲದಂತೆ ಮುಂಚೆಯೇ ನುಂಗುವ ಪ್ರೆಪ್ ಮಾತ್ರೆಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ನುಂಗುವವರಲ್ಲಿ ಕಾಂಡೋಮ್ ಬಳಕೆ ಇಳಿದದ್ದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಾತ್ರೆ ಎಚ್‌ಐವಿಯನ್ನು ತಡೆಯುತ್ತದೆ, ಗೊನೊರಿಯಾ, ಸಿಫಿಲಿಸ್‌ಗಳನ್ನು ತಡೆಯುವುದಿಲ್ಲ. ಆದರೆ ಮಾತ್ರೆ ಬೇಕೆಂದವರು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರಬೇಕು. ಬಂದಾಗ ಆ ರೋಗಗಳೂ ಬೇಗ ಸಿಕ್ಕಿಬೀಳುತ್ತವೆ, ಅಲ್ಲೇ ಔಷಧಿಯೂ ಸಿಗುತ್ತದೆ.